ಇಪ್ಪತ್ತಮೂರರ ಸಲಹೆಗಾರ್ತಿ, ಮೂವತ್ತು ವರ್ಷದ ಗಲ್ಲಾ

ಕಳೆದ ತಿಂಗಳು ದಾವಣಗೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಹಾರ್ಡ್‌ವೇರ್ ಅಂಗಡಿ ಮಾಲೀಕರು. ಮೊದಲು ರಾಜಕೀಯ ಮಾತಾಡಿದರು, ಆಮೇಲೆ ಮಳೆ, ಆಮೇಲೆ ಸಿಮೆಂಟ್ ರೇಟು. ಹೋಳಿಗೆ ಬಡಿಸೋ ಹೊತ್ತಿಗೆ ಅಸಲು ವಿಷಯಕ್ಕೆ ಬಂದರು.

"ಸರ್, ನನ್ನ ಮಗಳಿಗೆ ಇಪ್ಪತ್ಮೂರು ವರ್ಷ. ಎಂಬಿಎ ಮುಗಿಸಿದ ಕೂಡಲೇ ಬೆಂಗಳೂರಲ್ಲಿ ಕೆಲಸ ಸಿಕ್ತು. ದೊಡ್ಡ ಸಂಬಳ ರೀ, ನಮ್ಮ ಅಂಗಡಿ ಲಾಭಕ್ಕಿಂತ ಜಾಸ್ತಿ. ಏನ್ ಕೆಲಸನವ್ವಾ ಅಂದ್ರೆ, ಕಂಪನಿಗಳಿಗೆ ಸಲಹೆ ಕೊಡೋದು ಅಂತಾಳೆ. ನಾನು ಮೂವತ್ತು ವರ್ಷದಿಂದ ಗಲ್ಲಾ ಮೇಲೆ ಕೂತೀನಿ. ನನ್ನ ಹತ್ರ ಯಾರೂ ಸಲಹೆ ಕೇಳಕ್ಕೆ ಬಂದಿಲ್ಲ. ಇವಳ ಹತ್ರ ಸಾವಿರ ಕೋಟಿ ಕಂಪನಿಯವರು ಕೇಳ್ತಾರಂತೆ. ಇದು ಹೆಂಗ್ ಸರ್? ನನಗಂತೂ ಇವತ್ತಿನವರೆಗೆ ಒಂದು ಸಲಹೆ ಕೊಟ್ಟಿಲ್ಲ ಅವಳು!"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ತುಮಕೂರು ದಾಟಿದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ಕೊನೆಯಲ್ಲಿ ಹೇಳ್ತೀನಿ. ಅದಕ್ಕೆ ನನ್ನದೇ ಒಂದು ಕಾರಣ ಇದೆ.

ಇದು ಒಬ್ಬ ಅಪ್ಪನ ಪ್ರಶ್ನೆ ಮಾತ್ರ ಅಲ್ಲ ನೋಡಿ. ಇವತ್ತು ಕಂಪನಿಗಳು ಯಾರನ್ನು ತೆಗೀಬೇಕು, ಯಾವ ಬ್ರಾಂಚ್ ಮುಚ್ಚಬೇಕು ಅಂತ ತೀರ್ಮಾನ ಮಾಡೋಕೆ ಮುಂಚೆ ಕನ್ಸಲ್ಟೆಂಟ್‌ಗಳನ್ನು ಕರೆಸ್ತವೆ. ಸರ್ಕಾರಗಳೂ ಕರೆಸ್ತವೆ. ನಿಮ್ಮ ನೌಕರಿ, ನಿಮ್ಮ ಊರಿನ ಯೋಜನೆ, ನಿಮ್ಮ ತೆರಿಗೆ ಹಣ ಇವರ ಪವರ್‌ಪಾಯಿಂಟ್‌ನಲ್ಲಿ ಒಂದು ಸಾಲು ಆಗಿರಬಹುದು. ಹಾಗಿದ್ದಮೇಲೆ ಆ ಸಾಲು ಬರೆಯೋ ಕೈಗೆ ಏನು ಗೊತ್ತಿದೆ, ಅದು ಎಲ್ಲಿ ಕಲಿತದ್ದು, ಓದಿನಿಂದ ಬಂದದ್ದಾ ಅನುಭವದಿಂದ ಬಂದದ್ದಾ ಅಂತ ಕೇಳೋ ಹಕ್ಕು ನಮಗಿದೆಯೋ ಇಲ್ವೋ? ಇದೆ.

ಬನ್ನಿ, ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಮ್ಯಾನೇಜ್‌ಮೆಂಟ್ ಸಲಹೆ ಅನ್ನೋದನ್ನ ವೃತ್ತಿ ಮಾಡಿಕೊಂಡ ಮೊದಲಿಗರಲ್ಲಿ ಒಬ್ಬ ಅಮೆರಿಕದ ಫ್ರೆಡ್ರಿಕ್ ಟೇಲರ್. ಶ್ರೀಮಂತರ ಮನೆ ಹುಡುಗ. ಹಾರ್ವರ್ಡ್ ಪ್ರವೇಶ ಪರೀಕ್ಷೆ ಪಾಸು ಮಾಡಿದ್ದ. ಕಣ್ಣಿನ ತೊಂದರೆ ಅಂತ ಹೋಗಲಿಲ್ಲ. ಎಲ್ಲಿಗೆ ಹೋದ? ಫಿಲಡೆಲ್ಫಿಯಾದ ಒಂದು ವರ್ಕ್‌ಶಾಪಿಗೆ, ಕೆಲಸ ಕಲಿಯೋ ಹುಡುಗನಾಗಿ. 1878ರಲ್ಲಿ ಮಿಡ್‌ವೇಲ್ ಅನ್ನೋ ಉಕ್ಕಿನ ಕಾರ್ಖಾನೆಗೆ ಸಾಮಾನ್ಯ ಕೂಲಿಯಾಗಿ ಸೇರಿದ. ಅಲ್ಲಿಂದ ಮೇಲೆ ಬಂದು ಮುಖ್ಯ ಎಂಜಿನಿಯರ್ ಆದ. ಕೆಲಸ ಮಾಡ್ತಾನೇ ಓದಿ 1883ರಲ್ಲಿ ಎಂಜಿನಿಯರಿಂಗ್ ಪದವಿ ತಗೊಂಡ. ಇನ್ನೊಬ್ಬರಿಗೆ ಸಲಹೆ ಕೊಡ್ತೀನಿ ಅಂತ ಬೋರ್ಡ್ ಹಾಕಿದ್ದು 1893ರಲ್ಲಿ. ಲೆಕ್ಕ ಹಾಕಿ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಎಣ್ಣೆ, ಕಬ್ಬಿಣದ ಪುಡಿ, ಬೆವರು. ಆಮೇಲೆ ಸಲಹೆ.

ಇಷ್ಟು ಅನುಭವ ಇದ್ದವನ ಸಲಹೆ ಎಲ್ಲವೂ ಸರಿ ಇತ್ತಾ? ಇಲ್ಲ. ಸ್ಟಾಪ್‌ವಾಚ್ ಹಿಡಿದು ಕೂಲಿಗಳ ಬೆನ್ನ ಹಿಂದೆ ನಿಂತವನು ಅಂತ ಕಾರ್ಮಿಕರು ಅವನನ್ನ ದ್ವೇಷಿಸಿದರು. ಬೆತ್ಲೆಹೆಮ್ ಉಕ್ಕಿನ ಕಂಪನಿ ಅವನನ್ನು 1901ರಲ್ಲಿ ಹೊರಗೆ ಕಳಿಸ್ತು. ಇದನ್ನೂ ನೆನಪಲ್ಲಿಡಿ. ಅನುಭವ ಇದ್ದ ಮಾತ್ರಕ್ಕೆ ಮನುಷ್ಯರು ಅರ್ಥ ಆಗ್ತಾರೆ ಅಂತೇನಿಲ್ಲ.

ಎರಡನೆಯವರು ಜೇಮ್ಸ್ ಮೆಕಿನ್ಸಿ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಪಾಠ ಹೇಳ್ತಿದ್ದ ಮೇಷ್ಟ್ರು. 1926ರಲ್ಲಿ ತಮ್ಮ ಹೆಸರಲ್ಲೇ ಸಲಹಾ ಸಂಸ್ಥೆ ಶುರು ಮಾಡಿದರು. ಇವತ್ತು ಜಗತ್ತಿನಲ್ಲೇ ಅತಿ ದೊಡ್ಡ ಹೆಸರು ಅದು. ಮಾರ್ಷಲ್ ಫೀಲ್ಡ್ ಅನ್ನೋ ಶಿಕಾಗೋದ ದೊಡ್ಡ ಮಳಿಗೆ ಕಂಪನಿ ಇವರನ್ನ ಸಲಹೆಗೆ ಕರೀತು. ಇವರು ಕೊಟ್ಟರು. ಅವರು ಏನಂದ್ರು ಗೊತ್ತಾ? ಸಲಹೆ ಚೆನ್ನಾಗಿದೆ, ನೀವೇ ಬಂದು ಜಾರಿ ಮಾಡಿ ಅಂದರು. 1935ರಲ್ಲಿ ಮೆಕಿನ್ಸಿ ಆ ಕಂಪನಿಯ ಮುಖ್ಯಸ್ಥರಾದರು. ಕಂಪನಿಯ ಭಾಗಗಳನ್ನು ಮುಚ್ಚಿದರು, ಸಾಕಷ್ಟು ಜನರನ್ನು ಕೆಲಸದಿಂದ ತೆಗೆದರು, ಒಳಗಿನ ವಿರೋಧ ಕಟ್ಟಿಕೊಂಡರು. ಸಲಹೆ ಕೊಡೋದಕ್ಕಿಂತ ನಿರ್ಧಾರ ಮಾಡೋದು ಎಷ್ಟು ಕಷ್ಟ ಅನ್ನೋದು ಅವರಿಗೆ ಅರಿವಾಗಿದ್ದು ಆಗಲೇ. 1937ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಬರೀ 48 ವರ್ಷ.

ಈಜೋದು ಹೇಗೆ ಅಂತ ದಡದಲ್ಲಿ ನಿಂತು ಹೇಳೋದು ಬೇರೆ, ನೀರಿಗೆ ಇಳಿಯೋದು ಬೇರೆ. ಈ ಮಾತು ನಮ್ಮ ಹಳ್ಳಿಯ ಪ್ರತಿ ಅಜ್ಜಿಗೂ ಗೊತ್ತು. ಆದರೆ ಮುಂದೆ ಆಗಿದ್ದು ಇದಕ್ಕೆ ಉಲ್ಟಾ.

ಮೆಕಿನ್ಸಿ ಆದಮೇಲೆ ಆ ಸಂಸ್ಥೆಯನ್ನು ಕಟ್ಟಿದವರು ಮಾರ್ವಿನ್ ಬೋವರ್. ವಕೀಲರು, ಹಾರ್ವರ್ಡ್‌ನಲ್ಲಿ ಕಾನೂನೂ ಓದಿದ್ದರು, ಬಿಸಿನೆಸ್ಸೂ ಓದಿದ್ದರು. ಅಲ್ಲಿವರೆಗೆ ಕನ್ಸಲ್ಟೆಂಟ್ ಅಂದ್ರೆ ತಲೆ ನೆರೆತವರು. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಹತ್ತಿಪ್ಪತ್ತು ವರ್ಷ ಸವೆಸಿ ಬಂದವರು. 1950ರ ದಶಕದಲ್ಲಿ ಬೋವರ್ ಆ ಪದ್ಧತಿ ತಿರುಗಿಸಿದರು. ಅನುಭವಿಗಳು ಬೇಡ, ಬಿಸಿನೆಸ್ ಸ್ಕೂಲಿನಿಂದ ಆಗತಾನೆ ಹೊರಗೆ ಬಂದ ಚುರುಕು ಹುಡುಗರು ಸಾಕು, ನಾವೇ ತಿದ್ದಿ ತೀಡ್ತೀವಿ ಅಂದರು. ದಾವಣಗೆರೆಯ ಆ ಹುಡುಗಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ್ದರ ಬೇರು ಅಲ್ಲಿದೆ.

ಯಾಕೆ ಹೀಗೆ ಮಾಡಿದರು? ಎರಡು ಕಾರಣ. ಒಂದು, ಹಳಬರ ತಲೆಯಲ್ಲಿ "ನಮ್ಮಲ್ಲಿ ಹೀಗೇ ಮಾಡೋದು" ಅನ್ನೋದು ಗಟ್ಟಿಯಾಗಿ ಕೂತಿರುತ್ತೆ. ಹೊಸಬರು "ಯಾಕೆ ಹೀಗೆ?" ಅಂತ ಕೇಳ್ತಾರೆ. ಆ "ಯಾಕೆ"ಗೆ ಬೆಲೆ ಇದೆ. ಎರಡು, ಇದು ಸೀದಾ ಸಾದಾ ವ್ಯಾಪಾರ. ಮೇಲೆ ಒಬ್ಬ ಪಾರ್ಟ್‌ನರ್, ಕೆಳಗೆ ಏಳೆಂಟು ಹುಡುಗರು. ಮಾತಾಡಿ ಕೆಲಸ ಹಿಡಿಯೋದು ಪಾರ್ಟ್‌ನರ್, ರಾತ್ರಿಯಿಡೀ ಕೂತು ಎಕ್ಸೆಲ್ ತುಂಬೋದು ಹುಡುಗರು. ಬಿಲ್ ಮಾತ್ರ ಎಲ್ಲರ ತಲೆ ಲೆಕ್ಕದಲ್ಲಿ. ನಮ್ಮ ಹಾರ್ಡ್‌ವೇರ್ ಯಜಮಾನರಿಗೆ ಇದನ್ನ ಹೇಳಿದ್ರೆ ಥಟ್ ಅಂತ ಅರ್ಥ ಆಗುತ್ತೆ.

ಈಗ ಮುಖ್ಯ ಪ್ರಶ್ನೆ. ಯಾವುದು ಮೇಲು? ಡಿಗ್ರಿಯೋ, ಅನುಭವವೋ?

ನಾನು ಪುರಾವೆ ಹುಡುಕೋ ಮನುಷ್ಯ. ಹಾಗಾಗಿ ನೋಡಿದೆ. ಫ್ರಾಂಕ್ ಷ್ಮಿಟ್ ಮತ್ತು ಜಾನ್ ಹಂಟರ್ ಅಂತ ಇಬ್ಬರು ಮನಃಶಾಸ್ತ್ರಜ್ಞರು. 85 ವರ್ಷಗಳಲ್ಲಿ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 1998ರಲ್ಲಿ ಒಂದು ಲೆಕ್ಕ ಕೊಟ್ಟರು. ಬರೀ ಕನ್ಸಲ್ಟೆಂಟ್‌ಗಳದ್ದಲ್ಲ, ನಾನಾ ನೌಕರಿಗಳ ಲೆಕ್ಕ. ಕೆಲಸಕ್ಕೆ ತಗೊಳ್ಳುವಾಗ ಏನು ನೋಡಿದ್ರೆ, ಮುಂದೆ ಆ ಮನುಷ್ಯ ಚೆನ್ನಾಗಿ ಕೆಲಸ ಮಾಡ್ತಾನೋ ಇಲ್ವೋ ಅಂತ ಗೊತ್ತಾಗುತ್ತೆ? ಸೊನ್ನೆ ಅಂದ್ರೆ ಏನೂ ಗೊತ್ತಾಗಲ್ಲ, ಒಂದು ಅಂದ್ರೆ ಪೂರ್ತಿ ಗೊತ್ತಾಗುತ್ತೆ. ಎಷ್ಟು ವರ್ಷ ಓದಿದ್ದಾನೆ ಅನ್ನೋದಕ್ಕೆ ಬಂದ ಅಂಕ 0.10. ಎಷ್ಟು ವರ್ಷ ಅನುಭವ ಇದೆ ಅನ್ನೋದಕ್ಕೆ 0.18. ಎರಡೂ ಫೇಲ್! ಒಂದು ಸಣ್ಣ ಕೆಲಸ ಕೊಟ್ಟು ಕಣ್ಣೆದುರೇ ಮಾಡಿಸಿ ನೋಡೋದಕ್ಕೆ 0.54. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ತೂಗುವ ಸಂದರ್ಶನಕ್ಕೆ 0.51.

ಆಮೇಲೆ 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಮತ್ತೆ ಲೆಕ್ಕ ಹಾಕಿ, ಹಳೆಯ ಅಂಕಗಳು ಸ್ವಲ್ಪ ಉಬ್ಬಿದ್ದವು ಅಂತ ತೋರಿಸಿದರು. ಅವರ ಪಟ್ಟಿಯಲ್ಲೂ ಮೊದಲು ನಿಂತಿದ್ದು ಅದೇ ಅಚ್ಚುಕಟ್ಟಾದ ಸಂದರ್ಶನ. ಇನ್ನೊಂದು ತಂಡ 2019ರಲ್ಲಿ, ಬೇರೆ ಕಡೆ ಮಾಡಿ ಬಂದ ಅನುಭವಕ್ಕೂ ಹೊಸ ಜಾಗದ ಕೆಲಸಕ್ಕೂ ಎಷ್ಟು ನಂಟು ಅಂತ ನೋಡಿತು. ಬಂದ ಉತ್ತರ 0.06. ಅಂದ್ರೆ ಇಲ್ಲ ಅನ್ನೋಷ್ಟು.

ತಡೀರಿ. ಡಿಗ್ರಿ ಸುಟ್ಟು ಹಾಕಿ ಅಂತ ನಾನು ಹೇಳ್ತಿಲ್ಲ. ಈ ಲೆಕ್ಕ ಬಾಗಿಲು ದಾಟಿ ಒಳಗೆ ಬಂದವರ ನಡುವಿನದ್ದು. ಓದೇ ಇಲ್ಲದವರನ್ನ ಆ ಬಾಗಿಲ ಹತ್ತಿರಾನೂ ಬಿಟ್ಟಿರಲ್ಲ. ಈ ಅಂಕಗಳು ಹೇಳೋದು ಇಷ್ಟೇ. ಒಳಗೆ ಬಂದಮೇಲೆ ಯಾರು ಗೆಲ್ತಾರೆ ಅಂತ ಸರ್ಟಿಫಿಕೇಟಿನ ತೂಕ ನೋಡಿ ಹೇಳೋಕಾಗಲ್ಲ. ವರ್ಷ ಎಣಿಸಿಯೂ ಹೇಳೋಕಾಗಲ್ಲ. ಗಾಣದ ಎತ್ತು ದಿನಕ್ಕೆ ಹತ್ತಾರು ಮೈಲಿ ನಡೆಯುತ್ತೆ ಸ್ವಾಮಿ. ಊರ ಗಡಿ ದಾಟಿರಲ್ಲ. ನಮ್ಮಲ್ಲಿ ಎಷ್ಟು ಜನರ "ಇಪ್ಪತ್ತೈದು ವರ್ಷದ ಅನುಭವ" ಗಾಣದ ಸುತ್ತಿನದ್ದು? ಪ್ರಾಮಾಣಿಕವಾಗಿ ಹೇಳಿ. ನಾನೂ ಹೇಳ್ಕೋತೀನಿ.

ಡಿಗ್ರಿಯ ಕಥೆಗೆ ಬನ್ನಿ. ಜೆಫ್ರಿ ಸ್ಕಿಲ್ಲಿಂಗ್. ಹಾರ್ವರ್ಡ್ ಎಂಬಿಎ, ಆಮೇಲೆ ಮೆಕಿನ್ಸಿಯಲ್ಲಿ ಪಾರ್ಟ್‌ನರ್. ಅಲ್ಲಿಂದ ಎನ್ರಾನ್ ಕಂಪನಿಗೆ ಹೋಗಿ 2001ರ ಫೆಬ್ರವರಿಯಲ್ಲಿ ಸಿಇಒ ಆದ, ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟ, ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ. ಆಮೇಲೆ ಜೈಲು. ಬುದ್ಧಿಗೆ ಕೊರತೆ ಇತ್ತಾ ಅವನಿಗೆ? ಇರಲಿಲ್ಲ. ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ ಅನ್ನೋ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು ಒಂದು ಕುತೂಹಲದ ಕೆಲಸ ಮಾಡಿದರು. 1990ರಲ್ಲಿ ಬಂದ ಒಂದು ಪುಸ್ತಕದಲ್ಲಿ ಹಾರ್ವರ್ಡ್‌ನ 19 ಜನ ಹಳೆಯ ವಿದ್ಯಾರ್ಥಿಗಳನ್ನ ಶಿಖರ ಮುಟ್ಟಿದವರು ಅಂತ ಪಟ್ಟಿ ಮಾಡಿದ್ದರು. ಆಮೇಲೆ ಅವರೆಲ್ಲ ಏನಾದರು ಅಂತ ಇವರು ಹುಡುಕಿದರು. 10 ಜನ ಸ್ಪಷ್ಟವಾಗಿ ಸೋತಿದ್ದರು. ಇನ್ನು 4 ಜನರದ್ದು ಅನುಮಾನ. ಚೆನ್ನಾಗಿ ಮಾಡಿದವರು 5 ಜನ.

ಹಾಗಾದ್ರೆ ಈ ಸಲಹೆಗಾರರಿಂದ ಏನೂ ಪ್ರಯೋಜನ ಇಲ್ವಾ? ಅಲ್ಲೇ ನೋಡಿ ನನ್ನ ಅಭಿಪ್ರಾಯ ಬದಲಾಗಿದ್ದು. ನಾನು ಇವರನ್ನ ಬೈಯೋಕೆ ಅಂತಲೇ ಓದೋಕೆ ಕೂತೆ. ಆದರೆ ನಮ್ಮ ದೇಶದ್ದೇ ಒಂದು ಪ್ರಯೋಗ ಕೈಗೆ ಸಿಕ್ತು.

ಮುಂಬೈ ಪಕ್ಕ ತಾರಾಪುರ, ಉಂಬರ್‌ಗಾಂವ್ ಸುತ್ತ ಬಟ್ಟೆ ನೇಯುವ ಕಾರ್ಖಾನೆಗಳಿವೆ. ಕುಟುಂಬದವರೇ ನಡೆಸೋದು. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು, ವಿಶ್ವಬ್ಯಾಂಕ್‌ನವರೂ ಸೇರಿ, ಅಂಥ 17 ಕಂಪನಿಗಳ 28 ಕಾರ್ಖಾನೆಗಳನ್ನ ತಗೊಂಡರು. ಔಷಧಿ ಪರೀಕ್ಷೆ ಮಾಡ್ತಾರಲ್ಲ, ಅದೇ ಥರ. ಕೆಲವು ಕಾರ್ಖಾನೆಗಳಿಗೆ ಕನ್ಸಲ್ಟೆಂಟ್‌ಗಳನ್ನ ತಿಂಗಳುಗಟ್ಟಲೆ ಬಿಟ್ಟಿಯಾಗಿ ಕಳಿಸಿದರು. ಉಳಿದವಕ್ಕೆ ಬರೀ ಒಂದು ತಿಂಗಳ ತಪಾಸಣೆ. ಆಮೇಲೆ ಎರಡನ್ನೂ ಹೋಲಿಸಿದರು. 2013ರಲ್ಲಿ ಫಲಿತಾಂಶ ಪ್ರಕಟ ಆಯ್ತು.

ಆ ಕನ್ಸಲ್ಟೆಂಟ್‌ಗಳು ಯಾರು? ಹೆಚ್ಚಿನವರು ನಮ್ಮ ದೇಶದ್ದೇ ಒಳ್ಳೊಳ್ಳೆ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಓದಿದವರು. ಜೊತೆಗೆ ಹೆಚ್ಚಿನವರಿಗೆ ಅಮೆರಿಕ, ಯುರೋಪಿನ ದೊಡ್ಡ ಕಂಪನಿಗಳ ಜೊತೆ ಕೆಲಸ ಮಾಡಿದ ಅನುಭವ ಇತ್ತು. ಅಂದ್ರೆ ಓದೂ ಇತ್ತು, ಇನ್ನೊಂದು ಕಡೆ ಹೇಗೆ ನಡೆಯುತ್ತೆ ಅಂತ ಕಣ್ಣಲ್ಲಿ ನೋಡಿಯೂ ಇದ್ದರು.

ಅವರು ಹೋಗಿ ಏನು ಮಾಡಿದರು? ರಾಕೆಟ್ ಹಾರಿಸಿದರಾ? ಇಲ್ಲ. ಬಟ್ಟೆಯಲ್ಲಿ ದೋಷ ಬಂದ್ರೆ ದಿನಾ ಬರೆದಿಡಿ ಅಂದರು. ಯಾವ ಮಗ್ಗದಲ್ಲಿ ಬಂತು, ಯಾವ ಥರದ ದೋಷ, ಬರೆಯಿರಿ. ಎಲ್ಲಾ ವಿಭಾಗದವರು ದಿನಾ ಸೇರಿ ಅದನ್ನ ನೋಡಿ. ನೂಲಿನ ಗೋದಾಮಿನಲ್ಲಿ ಎಷ್ಟು ಇದೆ, ಯಾವ ಬಣ್ಣದ್ದಿದೆ, ಲೆಕ್ಕ ಇಡಿ. ಯಂತ್ರ ಕೆಡೋಕೆ ಮುಂಚೆ ಎಣ್ಣೆ ಹಾಕಿ. ಹೀಗೆ 38 ಪದ್ಧತಿಗಳು. ಮೊದಲ ವರ್ಷದಲ್ಲೇ ಉತ್ಪಾದಕತೆ 17 ಪರ್ಸೆಂಟ್ ಏರಿತು!

ಈಗ ಕೇಳಿ. ಆ ಮಾಲೀಕರು ಅದೇ ಮಗ್ಗದ ಸದ್ದಿನಲ್ಲಿ ಬೆಳೆದವರು. ಅವರಿಗೆ ಇದು ಯಾಕೆ ಗೊತ್ತಿರಲಿಲ್ಲ? ಎಷ್ಟೋ ಜನ ಇಂಥ ಪದ್ಧತಿ ಇದೆ ಅಂತಲೇ ಕೇಳಿರಲಿಲ್ಲ. ಕೇಳಿದ್ದವರು, "ನಮ್ಮ ಬಟ್ಟೆ ಕ್ವಾಲಿಟಿ ಬೇರೆಯವರಿಗಿಂತ ಏನೂ ಕಮ್ಮಿ ಇಲ್ಲ, ನಮಗೆ ಇದೆಲ್ಲ ಯಾಕೆ" ಅಂದುಕೊಂಡಿದ್ದರು. ಅಳೆದೇ ಇರಲಿಲ್ಲ, ಹಾಗಾಗಿ ಗೊತ್ತೂ ಇರಲಿಲ್ಲ. ಮೂಗಿನ ಮೇಲಿನ ಮಚ್ಚೆ ಕಾಣೋಕೆ ಕನ್ನಡಿ ಬೇಕು. ಹೊರಗಿನಿಂದ ಬಂದ ಓದಿದ ಹುಡುಗರು ಕನ್ನಡಿ ಹಿಡಿದರು.

ಕಥೆ ಇಲ್ಲಿಗೆ ಮುಗಿದಿದ್ರೆ ಡಿಗ್ರಿಗೆ ಜೈ ಅಂತ ಹೇಳಿ ಎದ್ದು ಹೋಗ್ತಿದ್ದೆ. ಮುಗೀಲಿಲ್ಲ. ಸುಮಾರು ಒಂಬತ್ತು ವರ್ಷ ಆದಮೇಲೆ ಅದೇ ಸಂಶೋಧಕರು ಅದೇ ಕಾರ್ಖಾನೆಗಳಿಗೆ ವಾಪಸ್ ಹೋದರು. ಕಲಿಸಿಕೊಟ್ಟಿದ್ದರಲ್ಲಿ ಸುಮಾರು ಅರ್ಧ ಬಿಟ್ಟು ಹೋಗಿತ್ತು. ಎಲ್ಲಿ ಬಿಟ್ಟು ಹೋಗಿತ್ತು? ಕಾರ್ಖಾನೆಯ ಮ್ಯಾನೇಜರ್ ಬದಲಾದ ಕಡೆ. ಯಜಮಾನರಿಗೆ ಪುರುಸೊತ್ತು ಇಲ್ಲದ ಕಡೆ. ಆದರೂ ಆ ಕಾರ್ಖಾನೆಗಳು ಉಳಿದವಕ್ಕಿಂತ ಮುಂದೆಯೇ ಇದ್ದವು, ಅದು ನಿಜ. ಅಂದ್ರೆ ಕನ್ನಡಿ ಹಿಡಿಯೋದು ಹೊರಗಿನವನ ಕೆಲಸ, ದಿನಾ ಮುಖ ತೊಳೆಯೋದು ಮನೆಯವರ ಕೆಲಸ.

ಓದು ಮತ್ತು ಅನುಭವ ಒಂದೇ ಮನುಷ್ಯನಲ್ಲಿ ಸೇರಿದ್ರೆ ಏನಾಗುತ್ತೆ? ಇದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮುದ್ದೇನಹಳ್ಳಿಗೆ ಹೋದ್ರೆ ಸಾಕು.

ಸರ್ ಎಂ. ವಿಶ್ವೇಶ್ವರಯ್ಯ ಅಂದ ಕೂಡಲೇ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತೆ, ದಿವಾನಗಿರಿ ನೆನಪಾಗುತ್ತೆ. ಅವರು ಕನ್ಸಲ್ಟೆಂಟ್ ಆಗಿದ್ದರು ಅಂತ ಯಾರೂ ಹೇಳಲ್ಲ. ಆಗಿದ್ದರು. ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿಎ. ಪುಣೆಯಲ್ಲಿ ಎಂಜಿನಿಯರಿಂಗ್. 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಎಂಜಿನಿಯರ್. ಆಮೇಲೆ ಸುಮಾರು 24 ವರ್ಷ ನೀರು, ಕಾಲುವೆ, ಕಟ್ಟೆ. ಸಿಂಧ್‌ನ ಸಕ್ಕರ್‌ನಲ್ಲಿ ಕುಡಿಯೋ ನೀರು. ಪುಣೆ ಪಕ್ಕದ ಖಡಕ್‌ವಾಸ್ಲಾದಲ್ಲಿ ತಾನಾಗಿ ತೆರೆದು ಮುಚ್ಚೋ ಗೇಟು. ದೂರದ ಏಡನ್‌ಗೂ ಹೋಗಿ ನೀರಿನ ಯೋಜನೆ ಮಾಡಿಕೊಟ್ಟು ಬಂದರು. 1908ರಲ್ಲಿ ಸ್ವಯಂ ನಿವೃತ್ತಿ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಕರೆದದ್ದು ಯಾರನ್ನ? ವಿದೇಶ ಪ್ರವಾಸದಲ್ಲಿದ್ದ ನಮ್ಮ ವಿಶ್ವೇಶ್ವರಯ್ಯನವರನ್ನ. ಬಂದರು. ಮಳೆ ಎಷ್ಟು ಬಿತ್ತು, ನದಿಗೆ ಎಲ್ಲೆಲ್ಲಿಂದ ನೀರು ಬಂತು, ಎಷ್ಟು ಕೆರೆ ಒಡೆದವು ಅಂತ ಲೆಕ್ಕ ತೆಗೆಸಿದರು. ಊರಿನ ಮೇಲ್ಭಾಗದಲ್ಲೇ ನೀರು ತಡೆಯೋ ಜಲಾಶಯ ಕಟ್ಟಿ ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಆ ಸಲಹೆಯ ದಾರಿಯಲ್ಲೇ. ನೂರು ವರ್ಷ ದಾಟಿದ ಮೇಲೂ ಹೈದರಾಬಾದಿನವರು ಆ ಹೆಸರು ಹೇಳ್ತಾರೆ.

ಮುಖ್ಯವಾದ್ದು ಇನ್ನೂ ಇದೆ. ಮೈಸೂರಿಗೆ ಕೈಗಾರಿಕೆ ಬೇಕು, ಕಬ್ಬಿಣ ಬೇಕು ಅಂತ ಹೇಳಿದವರು ಅವರು. ಭದ್ರಾವತಿ ಕಾರ್ಖಾನೆ ನಷ್ಟದಲ್ಲಿ ಒದ್ದಾಡ್ತಿದ್ದಾಗ, ದಿವಾನಗಿರಿ ಬಿಟ್ಟು ವರ್ಷಗಳೇ ಆಗಿದ್ದ ಮನುಷ್ಯ, ಅರವತ್ತು ದಾಟಿದವರು, 1923ರಲ್ಲಿ ಅಧ್ಯಕ್ಷರಾಗಿ ಅದರ ಹೊಣೆ ಹೊತ್ತರು. 1929ರವರೆಗೆ ನಿಂತು ನಡೆಸಿದರು. ವರದಿ ಕೊಟ್ಟೆ, ಮುಂದಿನದ್ದು ನಿಮ್ಮದು ಅನ್ನಲಿಲ್ಲ. ಓದು ಕೊಟ್ಟಿದ್ದು ಲೆಕ್ಕ. 24 ವರ್ಷ ಕೊಟ್ಟಿದ್ದು, ಯಾವ ಲೆಕ್ಕ ಎಲ್ಲಿ ತಪ್ಪುತ್ತೆ ಅನ್ನೋ ಅನುಮಾನ. ಇವೆರಡರ ಮೇಲೆ ಇನ್ನೊಂದಿತ್ತು. ನನ್ನ ಸಲಹೆಯ ಫಲ ನಾನೇ ಉಣ್ತೀನಿ ಅನ್ನೋ ಹೊಣೆ. ಅದನ್ನ ಯಾವ ಕಾಲೇಜೂ ಕೊಡಲ್ಲ. ಅದಿಲ್ಲದಿದ್ರೆ ಏನಾಗುತ್ತೆ? ಅಮೆರಿಕದಲ್ಲಿ ಚಟ ಹಿಡಿಸುವ ನೋವಿನ ಮಾತ್ರೆಯ ಮಾರಾಟ ಹೆಚ್ಚಿಸೋಕೆ ಸಲಹೆ ಕೊಟ್ಟ ಪ್ರಕರಣದಲ್ಲಿ, ಅದೇ ಮೆಕಿನ್ಸಿ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ 65 ಕೋಟಿ ಡಾಲರ್ ಕಟ್ಟೋಕೆ ಒಪ್ಪಿಕೊಳ್ತು. ಡಿಗ್ರಿಗೂ ಬರ ಇರಲಿಲ್ಲ ಅಲ್ಲಿ, ಅನುಭವಕ್ಕೂ ಬರ ಇರಲಿಲ್ಲ.

ಈಗ ನನ್ನ ಕಾರಣ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನಾಗ ಬೇರೊಂದು ಚಾನೆಲ್‌ನಲ್ಲಿದ್ದೆ. ಹೆಸರು ಬೇಡ. ಚಾನೆಲ್ ನಷ್ಟದಲ್ಲಿತ್ತು. ಕನ್ಸಲ್ಟೆಂಟ್‌ಗಳು ಬಂದರು. ಮೂರು ಜನ, ಮೂರು ಲ್ಯಾಪ್‌ಟಾಪ್, ಆರು ವಾರ. ಅವರಲ್ಲಿ ಒಬ್ಬ ಹುಡುಗ, ಇಪ್ಪತ್ತಾರು ಇಪ್ಪತ್ತೇಳು ಇರಬೇಕು. ಓದಿದ್ದು ದೊಡ್ಡ ಕಾಲೇಜು. ವಿನಯ ಇತ್ತು. ಯಾರು ದಿನಕ್ಕೆ ಎಷ್ಟು ಸ್ಟೋರಿ ಮಾಡ್ತಾರೆ, ಒಂದು ಸ್ಟೋರಿಗೆ ಎಷ್ಟು ಖರ್ಚು ಅಂತ ಒಂದು ಶೀಟ್ ಮಾಡಿದ್ದ. ನಮ್ಮ ಟೇಪ್ ಲೈಬ್ರರಿಯಲ್ಲಿ ಮೂರು ಜನ ಇದ್ದರು. ಅವರ ಹೆಸರಿನ ಮುಂದೆ ಸ್ಟೋರಿ ಸಂಖ್ಯೆ, ಸೊನ್ನೆ.

ಅವರಲ್ಲಿ ಹಿರಿಯರೊಬ್ಬರನ್ನ ನಾವೆಲ್ಲ ಮೇಷ್ಟ್ರೇ ಅಂತ ಕರೀತಿದ್ವಿ. ಅರ್ಧ ಕ್ಯಾಸೆಟ್‌ಗಳ ಲೇಬಲ್ ಕಿತ್ತುಹೋಗಿತ್ತು. ಕಂಪ್ಯೂಟರ್‌ನಲ್ಲಿ ಪಟ್ಟಿ ಸರಿ ಇರಲಿಲ್ಲ. ಪಟ್ಟಿ ಇದ್ದದ್ದು ಅವರ ತಲೆಯಲ್ಲಿ. 2009ರ ನೆರೆ ಫುಟೇಜ್ ಬೇಕು ಮೇಷ್ಟ್ರೇ ಅಂದ್ರೆ, "ಎರಡನೇ ರ‍್ಯಾಕು, ಕೆಳಗಿನ ಸಾಲು, ಬಾಗಲಕೋಟೆದು ಬೇಕೋ ರಾಯಚೂರಿಂದು ಬೇಕೋ" ಅಂತ ಕೇಳ್ತಿದ್ದರು.

ಒಂದು ರಾತ್ರಿ ಎಂಟೂವರೆ. ಒಂಬತ್ತು ಗಂಟೆ ಬುಲೆಟಿನ್‌ಗೆ ನಾನು ಒದ್ದಾಡ್ತಿದ್ದೆ. ಆ ಹುಡುಗ ಶೀಟ್ ಹಿಡ್ಕೊಂಡು ಬಂದ. "ಸರ್, ಒಂದೇ ಪ್ರಶ್ನೆ. ಇದರಲ್ಲಿ ಇಲ್ಲದ್ದು, ಆದರೆ ನಾನು ತಿಳ್ಕೊಳ್ಳಲೇಬೇಕಾದ್ದು ಏನಾದ್ರೂ ಇದೆಯಾ?"

ನಾನು ಶೀಟ್ ಕಡೆ ನೋಡಿದೆ. ಆ ಸೊನ್ನೆ ನನ್ನ ಕಣ್ಣಿಗೆ ಬಿತ್ತು. ಬಿತ್ತು ಅಂತ ಇವತ್ತೂ ನೆನಪಿದೆ. "ಇಲ್ಲಪ್ಪ, ಎಲ್ಲಾ ಸರಿಯಾಗಿದೆ" ಅಂದೆ. ಅವಸರ ಇತ್ತು, ಅದೊಂದು ನೆಪ. ಹುಡುಗ ಲಿಸ್ಟ್ ಮಾಡ್ತಿದ್ದ ಕಾಲ ಅದು. ಯಾರದ್ದೋ ಪರ ಮಾತಾಡಿ ನನ್ನ ಹೆಸರಿನ ಮುಂದೆ ಯಾಕೆ ಪ್ರಶ್ನೆ ಹಾಕಿಸ್ಕೊಳ್ಳಲಿ ಅನ್ನೋ ಭಯವೂ ಇತ್ತು. ಅದು ನಿಜ.

ಎರಡು ತಿಂಗಳಲ್ಲಿ ಲೈಬ್ರರಿ ಹೊರಗಿನವರಿಗೆ ಕೊಟ್ಟರು. ಮೇಷ್ಟ್ರು ಮನೆಗೆ ಹೋದರು. ಮುಂದಿನ ವರ್ಷ ಒಬ್ಬ ಹಿರಿಯ ನಾಯಕರು ತೀರಿಕೊಂಡರು. ಅವರದ್ದು ಒಂದು ಗಂಟೆಯ ಸಂದರ್ಶನ ನಮ್ಮ ಹತ್ತಿರ ಇತ್ತು. ಸಿಗಲಿಲ್ಲ. ರಾತ್ರಿಯಿಡೀ ನಾಲ್ಕು ಫೋಟೋ ತಿರುಗಿಸಿದ್ವಿ. ಕೊನೆಗೆ ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ. ಬೈತಾರೆ ಅಂದುಕೊಂಡಿದ್ದೆ. ಯಾವ ರ‍್ಯಾಕು, ಯಾವ ಸಾಲು ಅಂತ ನಿದ್ದೆಗಣ್ಣಲ್ಲೇ ಹೇಳಿದರು. ಆದರೆ ಆ ರ‍್ಯಾಕೇ ಇರಲಿಲ್ಲ, ಎಲ್ಲ ಗೋದಾಮಿಗೆ ಹೋಗಿತ್ತು. ಅದನ್ನ ಅವರಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. "ಸಿಕ್ತಾ? ಸರಿ. ಊಟ ಮಾಡಿದ್ರೋ ಇಲ್ವೋ?" ಅಂತ ಕೇಳಿ ಫೋನ್ ಇಟ್ಟರು.

ಹೇಳಿ, ಇಲ್ಲಿ ತಪ್ಪು ಯಾರದ್ದು? ಆ ಹುಡುಗನ ಓದು ಅವನಿಗೆ ಎಣಿಸೋದನ್ನ ಕಲಿಸಿತ್ತು. ಎಣಿಕೆಗೆ ಸಿಗದ್ದೂ ಇರುತ್ತೆ ಅಂತಲೂ ಅವನಿಗೆ ಗೊತ್ತಿತ್ತು, ಅದಕ್ಕೇ ಕೇಳಿದ. ಹತ್ತು ಸುದ್ದಿಮನೆ ನೋಡಿದವನಾಗಿದ್ರೆ ನನ್ನ ಮಾತು ನಂಬದೆ ಒಂದು ದಿನ ಆ ಲೈಬ್ರರಿಯಲ್ಲಿ ಹೋಗಿ ಕೂರ್ತಿದ್ದನೇನೋ. ಅಷ್ಟು ಅವನ ಕೊರತೆ. ಉಳಿದದ್ದು ನನ್ನದು. ಅನುಭವ ಇದ್ದದ್ದು ನನ್ನ ಹತ್ತಿರ. ಕೇಳಿದಾಗ ಬಾಯಿ ಬಿಡಲಿಲ್ಲ. ಸಲಹೆಗಾರ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾನೆ ಅನ್ನೋದು ಅವನ ಡಿಗ್ರಿ, ಅವನ ಅನುಭವದ ಮೇಲಷ್ಟೇ ನಿಂತಿಲ್ಲ. ಎದುರಿಗೆ ಕೂತವನು ನಿಜ ಹೇಳ್ತಾನಾ ಅನ್ನೋದರ ಮೇಲೂ ನಿಂತಿದೆ.

ಹಾಗಾಗಿ ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ಕನ್ಸಲ್ಟೆಂಟ್ ಆಗೋ ಹುಡುಗ ಹುಡುಗಿಯರಿಗೆ. ನಿಮ್ಮ ಓದು ಸಣ್ಣದಲ್ಲ, ಅದು ಕನ್ನಡಿ. ಆದರೆ ಕಾರ್ಖಾನೆಗೆ ಹೋದ್ರೆ ಮಗ್ಗದ ಪಕ್ಕ ನಿಲ್ಲಿ, ಕಚೇರಿಗೆ ಹೋದ್ರೆ ಜವಾನನ ಜೊತೆ ಟೀ ಕುಡೀರಿ. ಎಲ್ಲೆಲ್ಲಿ ಸೊನ್ನೆ ಇದೆಯೋ ಅಲ್ಲಿಗೆ ಮೊದಲು ಹೋಗಿ.

ಕೆಲಸಕ್ಕೆ ತಗೊಳ್ಳೋ ಯಜಮಾನರಿಗೆ. ಕಾಲೇಜಿನ ಹೆಸರು ನೋಡಿ ಮಾರು ಹೋಗಬೇಡಿ, ವರ್ಷದ ಸಂಖ್ಯೆ ನೋಡಿಯೂ ಮಾರು ಹೋಗಬೇಡಿ. ಒಂದು ನಿಜವಾದ ಸಮಸ್ಯೆ ಕೊಟ್ಟು ನೋಡಿ, ಹೇಗೆ ಬಿಡಿಸ್ತಾರೆ, ಯಾರನ್ನ ಹೋಗಿ ಕೇಳ್ತಾರೆ ಅಂತ.

ಸರ್ಕಾರಕ್ಕೆ. ಹಳ್ಳಿಯ ಯೋಜನೆಗೆ ಸಲಹೆ ಕೊಡೋ ತಂಡದಲ್ಲಿ ಒಬ್ಬರಾದರೂ ಪಂಚಾಯಿತಿ ಕಚೇರಿಯ ಬೆಂಚಿನ ಮೇಲೆ ಕೂತು ಕಾದವರು ಇದ್ದಾರಾ? ವರದಿ ಕೊಟ್ಟ ಮೂರು ವರ್ಷದ ಮೇಲೆ ಅದರಲ್ಲಿ ಎಷ್ಟು ಉಳಿದಿದೆ ಅಂತ ಯಾರಾದರೂ ಹೋಗಿ ನೋಡ್ತಾರಾ? ಬಿಲ್ ಪಾಸ್ ಮಾಡೋಕೆ ಮುಂಚೆ ಈ ಎರಡು ಪ್ರಶ್ನೆ ಕೇಳಿ. ಇದು ನಮ್ಮ ದುಡ್ಡು.

ಕೊನೆಯದ್ದು ದಾವಣಗೆರೆಯ ಯಜಮಾನರಿಗೆ. ನೀವು ಇದನ್ನ ನೋಡ್ತಿರ್ತೀರಿ, ನನಗೆ ಗೊತ್ತು. ಮಗಳು ಒಂದು ಸಲಹೆ ಕೊಟ್ಟಿಲ್ಲ ಅಂದ್ರಲ್ಲ, ನೀವು ಕೇಳಿದ್ದೀರಾ? ದೀಪಾವಳಿಗೆ ಬಂದಾಗ ಒಂದು ವಾರ ಗಲ್ಲಾ ಪಕ್ಕ ಕೂರಿಸಿ. ಯಾವ ಮೊಳೆ, ಯಾವ ನಲ್ಲಿ ಎರಡು ವರ್ಷದಿಂದ ಡಬ್ಬದಲ್ಲೇ ಕೂತಿದೆ, ಅದರಲ್ಲಿ ನಿಮ್ಮ ಎಷ್ಟು ದುಡ್ಡು ಸಿಕ್ಕಿಕೊಂಡಿದೆ ಅಂತ ಅವಳು ಲೆಕ್ಕ ಹಾಕಿ ಕೊಡಲಿ. ಯಾವ ಮೇಸ್ತ್ರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು, ಅದು ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ನೀವು ಹೇಳಿಕೊಡಿ. ಅವಳು ಕೇಳಿದ್ದಕ್ಕೆಲ್ಲ ನಿಜ ಹೇಳಿ. ನಾನು ಮಾಡಿದ ಹಾಗೆ ಮಾಡಬೇಡಿ.